ಕ್ಯೂಬಾದ ಕುಟುಂಬ ಸಂಹಿತೆ ಮತ್ತು ಧರ್ಮಸಭೆಯ ನೆನಪು

2022ರ ಸೆಪ್ಟೆಂಬರ್ 25ರ ಭಾನುವಾರದಂದು ಕ್ಯೂಬಾ ದೇಶದ ಜನತೆ ಹೊಸದೊಂದು ಕುಟುಂಬ ಸಂಹಿತೆಯ ಮೇಲೆ ಮತ ಚಲಾಯಿಸಿತು. ವಿವಾಹವು ಗಂಡು ಹೆಣ್ಣಿನ ನಡುವಿನ ಬಂಧವೆಂದು ಹೇಳಿದ್ದ 1975ರ ಕಾನೂನನ್ನು ಬದಿಗೆ ಸರಿಸಿ, ಅದು ಇಬ್ಬರು ವ್ಯಕ್ತಿಗಳ ನಡುವಿನ ಬಂಧವೆಂದು ಈ ಸಂಹಿತೆ ಹೇಳುತ್ತದೆ. ಅದರಂತೆ ಒಂದೇ ಲಿಂಗದ ಜೋಡಿಗಳು ಮದುವೆಯಾಗಬಹುದು, ಮಕ್ಕಳನ್ನು ದತ್ತು ಪಡೆಯಬಹುದು. ಸಿಂಧುವಾದ ಮತಗಳಲ್ಲಿ ಶೇಕಡಾ 66ಕ್ಕೂ ಹೆಚ್ಚು ಪರವಾಗಿಯೂ ಶೇಕಡಾ 33ರಷ್ಟು ವಿರೋಧವಾಗಿಯೂ ಬಿದ್ದವು. ಒಂದೇ ಪಕ್ಷದ ಆಡಳಿತವಿರುವ ಸಮಾಜವಾದಿ ರಾಷ್ಟ್ರವೊಂದರಲ್ಲಿ, ಅದೂ ನಾಲ್ಕು ಶತಮಾನಗಳ ಕಾಲ ಕಥೋಲಿಕ ಸ್ಪೇನಿನ ಆಳ್ವಿಕೆಯಲ್ಲಿದ್ದ ದ್ವೀಪದಲ್ಲಿ, ಇಂಥದೊಂದು ಪ್ರಶ್ನೆಯನ್ನು ಜನರ ಮುಂದಿಟ್ಟು ಮತ ಕೇಳಿದ್ದು ಸಾಮಾನ್ಯ ಸಂಗತಿಯೇನಲ್ಲ.

ಈ ಸುದ್ದಿಯನ್ನು ಓದಿದ ಕಥೋಲಿಕರಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಸಹಜ. ದೇವರಿಲ್ಲವೆಂದು ಸಾರಿದ ಸರಕಾರದಿಂದ ಇನ್ನೇನನ್ನು ನಿರೀಕ್ಷಿಸಲು ಸಾಧ್ಯವೆಂದು ಕೆಲವರು ನಿಟ್ಟುಸಿರು ಬಿಡುತ್ತಾರೆ. ಸಮಾಜವಾದಿ ಸರಕಾರ ದೊಡ್ಡ ಮನಸ್ಸು ಮಾಡಿತು, ಧರ್ಮಸಭೆ ಮಾತ್ರ ಎಂದಿನಂತೆ ಅಡ್ಡ ನಿಂತಿತು ಎಂದು ಮತ್ತೆ ಕೆಲವರು ಹೇಳುತ್ತಾರೆ. ಇವೆರಡೂ ಅರ್ಧ ಓದಿದ ಇತಿಹಾಸವೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಸಲಿಂಗಾಸಕ್ತರನ್ನು ಹಿಡಿದು ಮುಳ್ಳುತಂತಿಯ ಬೇಲಿಯೊಳಗೆ ಕೂಡಿಹಾಕಿದ್ದು ಇದೇ ಕ್ರಾಂತಿಯ ಸರಕಾರ. ಅದೇ ಬೇಲಿಯೊಳಗೆ ಕಥೋಲಿಕ ಗುರುಗಳೂ ಗುರುಅಭ್ಯರ್ಥಿಗಳೂ ಇದ್ದರು. ಈ ಒಂದು ಸಂಗತಿಯನ್ನು ತಿಳಿಯದೆ ಕ್ಯೂಬಾದ ಇಂದಿನ ಬದಲಾವಣೆಯನ್ನು ತೂಗಲು ಹೊರಟರೆ ತಕ್ಕಡಿ ಒಂದು ಕಡೆಗೆ ವಾಲುವುದು ಖಂಡಿತ.

ಮುಂದುವರಿಯುವ ಮೊದಲು ಒಂದು ಶಬ್ದದ ಕುರಿತು ಹೇಳಬೇಕು. ನಮ್ಮ ಭಾಷೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ 'ಸಲಿಂಗಕಾಮಿ' ಎಂಬ ಪದ ಒಬ್ಬ ಮನುಷ್ಯನ ಇಡೀ ಬಾಳನ್ನು ಕಾಮವೊಂದಕ್ಕೇ ಇಳಿಸಿಬಿಡುತ್ತದೆ. ಗಂಡ ಹೆಂಡಿರನ್ನು ನಾವು ಯಾರೂ 'ಕಾಮಿಗಳು' ಎಂದು ಕರೆಯುವುದಿಲ್ಲ. ಆದ್ದರಿಂದ ಈ ಬರಹದಲ್ಲಿ 'ಸಲಿಂಗಾಸಕ್ತರು' ಎಂಬ ಪದವನ್ನೇ ಬಳಸಿದ್ದೇವೆ. ಕಾನೂನು ಮತ್ತು ನೀತಿಯ ಚರ್ಚೆ ಏನೇ ಇರಲಿ, ಹೆಸರಿಡುವಾಗಲೇ ತೀರ್ಪು ಕೊಟ್ಟುಬಿಡುವುದು ನ್ಯಾಯವಲ್ಲ.

ಸಲಿಂಗಾಸಕ್ತರ ಮೇಲಿನ ತಿರಸ್ಕಾರ ಕ್ಯೂಬಾದಲ್ಲಿ 1959ರ ಕ್ರಾಂತಿಯೊಂದಿಗೆ ಹುಟ್ಟಿದ್ದಲ್ಲವೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳಬೇಕು. ಅವರನ್ನು ದಂಡಿಸುವ ವಿಧಿಗಳು 1938ರ ದಂಡಸಂಹಿತೆಯಲ್ಲಿಯೇ ಇದ್ದವು. ಗಂಡಸು ಎಂದರೆ ಹೀಗೆಯೇ ಇರಬೇಕು, ಇಲ್ಲದಿದ್ದರೆ ಆತ ಮನೆತನಕ್ಕೆ ಕಳಂಕ ಎಂಬ ಭಾವನೆ ಸ್ಪೇನಿನಿಂದ ಬಂದ ಸಮಾಜದ ರಕ್ತದಲ್ಲಿಯೇ ಬೆರೆತಿತ್ತು. ಆ ಸಮಾಜಕ್ಕೆ ಜ್ಞಾನಸ್ನಾನ ಕೊಟ್ಟದ್ದು ನಮ್ಮದೇ ಧರ್ಮಸಭೆ. ಫಿಡೆಲ್ ಕ್ಯಾಸ್ಟ್ರೊ ಸ್ವತಃ ಯೇಸುಸಭೆಯವರು ಹವಾನಾದಲ್ಲಿ ನಡೆಸುತ್ತಿದ್ದ ಬೆಲೆನ್ ಶಾಲೆಯ ವಿದ್ಯಾರ್ಥಿ. ಕ್ರಾಂತಿಯ ನಾಯಕರು ಬಹಳಷ್ಟು ಹಳೆಯದನ್ನು ಕಿತ್ತೊಗೆದರೂ ಈ ಒಂದು ಪೂರ್ವಗ್ರಹವನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡರು. ಅಷ್ಟೇ ಅಲ್ಲ, ಅದಕ್ಕೆ ಪೊಲೀಸರ ಬಲವನ್ನೂ ಕೊಟ್ಟರು. 1961ರಲ್ಲಿ ಹವಾನಾದಲ್ಲಿ ವೇಶ್ಯೆಯರು, ತಲೆಹಿಡುಕರು ಮತ್ತು ಸಲಿಂಗಾಸಕ್ತರನ್ನು ಒಟ್ಟಿಗೆ ಬಲೆಹಾಕಿ ಹಿಡಿದ ಕಾರ್ಯಾಚರಣೆಯಲ್ಲಿ ಬಂಧಿತರಾದವರಲ್ಲಿ ದೇಶದ ಹೆಸರಾಂತ ನಾಟಕಕಾರ ವಿರ್ಹೀಲಿಯೊ ಪಿನ್ಯೇರ ಕೂಡ ಇದ್ದರು.

ಅದೇ ವರ್ಷ ಧರ್ಮಸಭೆಯ ಸರದಿಯೂ ಬಂದಿತು. ಕಥೋಲಿಕ ಶಾಲೆಗಳೆಲ್ಲ ರಾಷ್ಟ್ರೀಕರಣಗೊಂಡವು. ಸೆಪ್ಟೆಂಬರ್‌ನಲ್ಲಿ ಹವಾನಾದ ಸಹಾಯಕ ಧರ್ಮಾಧ್ಯಕ್ಷರಾದ ಎದ್ವಾರ್ದೊ ಬೋಸ ಮಸ್ವಿದಾಲ್ ಸಹಿತ 131 ಮಂದಿ ಗುರುಗಳನ್ನು 'ಕೊವದೊಂಗ' ಎಂಬ ಹಡಗಿಗೆ ಹತ್ತಿಸಿ ಸ್ಪೇನಿಗೆ ಗಡೀಪಾರು ಮಾಡಲಾಯಿತು. ಇಡೀ ದ್ವೀಪದಲ್ಲಿ ಉಳಿದುಕೊಂಡ ಗುರುಗಳ ಸಂಖ್ಯೆ ಇನ್ನೂರರ ಆಸುಪಾಸಿಗೆ ಇಳಿಯಿತು.

ಇಲ್ಲಿ ಇನ್ನೊಂದು ಘಟನೆಯನ್ನು ತುಸು ವಿವರವಾಗಿ ಹೇಳಲೇಬೇಕು. 2022ರ ಮತದಾನದ ಕಾಲದಲ್ಲಿ ಕಥೋಲಿಕ ಕುಟುಂಬಗಳ ಮನಸ್ಸಿನಲ್ಲಿ ಎದ್ದ ಭೀತಿಯ ಬೇರು ಅಲ್ಲಿದೆ. ಕ್ರಾಂತಿಯ ಮೊದಲ ವರ್ಷಗಳಲ್ಲಿ ಕ್ಯೂಬಾದ ತುಂಬ ಒಂದು ವದಂತಿ ಹಬ್ಬಿತು. ಹೆತ್ತವರಿಗೆ ಮಕ್ಕಳ ಮೇಲಿರುವ ಅಧಿಕಾರವನ್ನು, ಸ್ಪ್ಯಾನಿಷ್ ಕಾನೂನಿನಲ್ಲಿ 'ಪಾತ್ರಿಯಾ ಪೊತೆಸ್ತಾದ್' ಎಂದು ಕರೆಯಲ್ಪಡುವ ಹಕ್ಕನ್ನು, ಸರಕಾರ ತನ್ನ ಕೈಗೆ ತೆಗೆದುಕೊಳ್ಳಲಿದೆ ಎಂಬುದು ಆ ವದಂತಿ. ಮಕ್ಕಳನ್ನು ರಷ್ಯಾಕ್ಕೆ ಕಳುಹಿಸುತ್ತಾರೆಂದೂ ಜನ ನಂಬಿದರು. ಅಂಥ ಕಾನೂನು ಬರಲಿಲ್ಲವೆಂಬುದು ನಿಜ. ಆದರೆ ಶಾಲೆಗಳು ಕೈತಪ್ಪಿ, ಗುರುಗಳು ಹಡಗು ಹತ್ತುತ್ತಿದ್ದುದನ್ನು ಕಣ್ಣಾರೆ ಕಂಡ ತಾಯಿತಂದೆಯರಿಗೆ ಅದು ಸುಳ್ಳೆಂದು ತೋರಲಿಲ್ಲ. 1960ರ ಕೊನೆಯಿಂದ 1962ರ ಅಕ್ಟೋಬರ್‌ವರೆಗೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹೆತ್ತವರು ಒಂಟಿಯಾಗಿ ವಿಮಾನ ಹತ್ತಿಸಿ ಅಮೆರಿಕದ ಮಯಾಮಿಗೆ ಕಳುಹಿಸಿದರು. ಅಲ್ಲಿ ಅವರನ್ನು ಬರಮಾಡಿಕೊಂಡು ಮನೆ ಮಠಗಳಲ್ಲಿ ನೆಲೆಗೊಳಿಸಿದ್ದು ಕಥೋಲಿಕ ಸೇವಾಸಂಸ್ಥೆ. ಇತಿಹಾಸದಲ್ಲಿ ಇದಕ್ಕೆ 'ಪೇಡ್ರೊ ಪ್ಯಾನ್' ಕಾರ್ಯಾಚರಣೆ ಎಂಬ ಹೆಸರಿದೆ. ಕೆಲವೇ ತಿಂಗಳಲ್ಲಿ ಮತ್ತೆ ಸೇರಬಹುದೆಂದು ನಂಬಿದ್ದ ಎಷ್ಟೋ ತಾಯಂದಿರು ಮಕ್ಕಳ ಮುಖ ಕಾಣಲು ವರ್ಷಗಟ್ಟಲೆ ಕಾಯಬೇಕಾಯಿತು. ಕೆಲವರು ಕಾಣಲೇ ಇಲ್ಲ. 2022ರ ಸಂಹಿತೆಯಲ್ಲಿ 'ಪಾತ್ರಿಯಾ ಪೊತೆಸ್ತಾದ್' ಎಂಬ ಪದವನ್ನು ತೆಗೆದು ಅದರ ಜಾಗದಲ್ಲಿ 'ಹೆತ್ತವರ ಜವಾಬ್ದಾರಿ' ಎಂಬ ಪದವನ್ನು ಇಟ್ಟರು. ಕಾನೂನು ಬಲ್ಲವರಿಗೆ ಇದು ಹಲವು ದೇಶಗಳಲ್ಲಿ ಆಗಿರುವ ಮಾಮೂಲು ಬದಲಾವಣೆ. ಕ್ಯೂಬಾದ ಅಜ್ಜಿಯೊಬ್ಬಳಿಗೆ ಅದು ಅರುವತ್ತು ವರ್ಷಗಳ ಹಿಂದಿನ ವದಂತಿ ಕೊನೆಗೂ ನಿಜವಾದಂತೆ ಕೇಳಿಸಿದ್ದರೆ ಆಶ್ಚರ್ಯವೇನು?

ಇರಲಿ, ಮತ್ತೆ ಅರುವತ್ತರ ದಶಕಕ್ಕೆ ಬರೋಣ. 1965ರಲ್ಲಿ ಚೆ ಗೆವಾರ ಸಮಾಜವಾದವು 'ಹೊಸ ಮನುಷ್ಯ'ನನ್ನು ಸೃಷ್ಟಿಸಬೇಕೆಂದು ಬರೆದರು. ಸಂತ ಪೌಲರ ಪತ್ರಗಳನ್ನು ಬಲಿಪೂಜೆಯಲ್ಲಿ ಕೇಳುತ್ತ ಬೆಳೆದ ನಮಗೆ ಈ ಮಾತು ಅಪರಿಚಿತವಲ್ಲ. ಕ್ರೈಸ್ತ ವಿಶ್ವಾಸದಲ್ಲಿ ಹೊಸ ಮನುಷ್ಯನು ಕೃಪೆಯಿಂದ ಹುಟ್ಟುತ್ತಾನೆ, ಅವನನ್ನು ಯಾರೂ ಅಚ್ಚಿನಲ್ಲಿ ಎರಕ ಹೊಯ್ಯಲಾರರು. ಹವಾನಾದ ಸರಕಾರ ಅಚ್ಚನ್ನೇ ತಯಾರಿಸಿತು. ಅದೇ ವರ್ಷದ ನವೆಂಬರ್‌ನಿಂದ ಕಮಗ್ವೇ ಪ್ರಾಂತದ ಕಬ್ಬಿನ ಬಯಲುಗಳಲ್ಲಿ 'ಉತ್ಪಾದನೆಗೆ ನೆರವಾಗುವ ಸೇನಾ ಘಟಕಗಳು' ಆರಂಭಗೊಂಡವು. ಸ್ಪ್ಯಾನಿಷ್ ಹೆಸರಿನ ಮೊದಲಕ್ಷರಗಳಿಂದ ಇವನ್ನು 'ಉಮಾಪ್' ಎಂದು ಕರೆಯುತ್ತಾರೆ. ಕಡ್ಡಾಯ ಸೈನಿಕ ಸೇವೆಯ ಕರೆಯೋಲೆ ತಲುಪಿಸಿ ಯುವಕರನ್ನು ಬರಹೇಳಿ, ಬಸ್ಸು ರೈಲುಗಳಲ್ಲಿ ತುಂಬಿ ಅಲ್ಲಿಗೆ ಒಯ್ಯಲಾಗುತ್ತಿತ್ತು. ಬಂದೂಕಿನ ತರಬೇತಿ ಅವರಿಗಿರಲಿಲ್ಲ. ಸಿಕ್ಕಿದ್ದು ಕಬ್ಬು ಕಡಿಯುವ ಕತ್ತಿ, ಸುತ್ತ ಮುಳ್ಳುತಂತಿ, ಕಾವಲಿಗೆ ಸೈನಿಕರು. 1968ರಲ್ಲಿ ಮುಚ್ಚುವ ಹೊತ್ತಿಗೆ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಈ ಶಿಬಿರಗಳನ್ನು ಹಾದುಹೋಗಿದ್ದರೆಂದು ಸಂಶೋಧಕರ ಅಂದಾಜು.

ಯಾರು ಆ ಯುವಕರು? ಸಲಿಂಗಾಸಕ್ತರು ಅಥವಾ ಹಾಗೆಂದು ಸಂಶಯಕ್ಕೆ ಗುರಿಯಾದವರು, ಆಯುಧ ಹಿಡಿಯಲು ಒಪ್ಪದ ಯೆಹೋವನ ಸಾಕ್ಷಿಗಳು, ಸೆವೆಂತ್ ಡೇ ಅಡ್ವೆಂಟಿಸ್ಟರು, ಪ್ರೊಟೆಸ್ಟೆಂಟ್ ಬೋಧಕರು, ಕಥೋಲಿಕ ಗುರುಅಭ್ಯರ್ಥಿಗಳು, ಉದ್ದ ಕೂದಲು ಬಿಟ್ಟ ಹುಡುಗರು. ಮುಂದೆ ಲ್ಯಾಟಿನ್ ಅಮೆರಿಕದಾದ್ಯಂತ ಪ್ರಸಿದ್ಧಿ ಪಡೆದ ಗಾಯಕ ಪಾಬ್ಲೊ ಮಿಲಾನೆಸ್ ಕೂಡ ಅವರಲ್ಲೊಬ್ಬರು. 1966ರಲ್ಲಿ ಅಲ್ಲಿಗೆ ಒಯ್ಯಲ್ಪಟ್ಟವರಲ್ಲಿ ಗುರುದೀಕ್ಷೆ ಪಡೆದು ಎರಡು ವರ್ಷವಾಗಿದ್ದ ಒಬ್ಬ ತರುಣ ಗುರುವೂ ಇದ್ದರು. ಹೆಸರು ಹೈಮೆ ಒರ್ತೇಗ. ಸುಮಾರು ಎಂಟು ತಿಂಗಳು ಅವರು ಅಲ್ಲಿ ದುಡಿದರು. ಮುಂದೆ 1981ರಲ್ಲಿ ಅವರು ಹವಾನಾದ ಮಹಾಧರ್ಮಾಧ್ಯಕ್ಷರಾದರು. 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಕಾರ್ಡಿನಲ್ ಪದವಿಗೇರಿಸಿದರು. 1998ರ ಜನವರಿಯಲ್ಲಿ ಪೋಪರು ಹವಾನಾದ ಕ್ರಾಂತಿ ಚೌಕದಲ್ಲಿ ಲಕ್ಷಾಂತರ ಜನರೆದುರು ಬಲಿಪೂಜೆ ಅರ್ಪಿಸಿದ ಸುದ್ದಿ ನಮ್ಮ ಹಿರಿಯ ಓದುಗರಿಗೆ ನೆನಪಿರಬಹುದು. ಅಂದು ಆತಿಥೇಯ ಮಹಾಧರ್ಮಾಧ್ಯಕ್ಷರಾಗಿದ್ದ ವ್ಯಕ್ತಿ ಉಮಾಪ್‌ನ ಮಾಜಿ ಬಂದಿ.

ಗುರುವೂ ಸಲಿಂಗಾಸಕ್ತನೂ ಒಂದೇ ವ್ಯವಸ್ಥೆಯ ಬಂದಿಗಳಾದದ್ದು ಆಕಸ್ಮಿಕವಲ್ಲ. ಮನುಷ್ಯ ಹೀಗೆಯೇ ಇರಬೇಕೆಂದು ಸರಕಾರವೇ ನಿಗದಿಪಡಿಸಿದಾಗ ಆ ಅಳತೆಗೆ ಹೊಂದದವರೆಲ್ಲರೂ ಒಂದೇ ರಾಶಿಯಲ್ಲಿ ಬೀಳುತ್ತಾರೆ. ಒಬ್ಬನ ಅಪರಾಧ ಅವನ ಪ್ರಾರ್ಥನೆ, ಇನ್ನೊಬ್ಬನದು ಅವನ ಸ್ವಭಾವ. ಇಬ್ಬರನ್ನೂ ದುಡಿಮೆಯಿಂದ 'ಸರಿಪಡಿಸಬೇಕು' ಎಂಬುದು ಅಧಿಕಾರಿಗಳ ಯೋಚನೆಯಾಗಿತ್ತು. ಕ್ರಾಂತಿಯ ಬಗ್ಗೆ ಅಪಾರ ಒಲವಿದ್ದ ನಿಕರಾಗುವದ ಗುರು, ಕವಿ ಎರ್ನೆಸ್ತೊ ಕಾರ್ದೆನಾಲ್ 1970ರಲ್ಲಿ ಕ್ಯೂಬಾಕ್ಕೆ ಹೋಗಿಬಂದು ಬರೆದ ಪುಸ್ತಕದಲ್ಲಿ ಈ ಶಿಬಿರಗಳಲ್ಲಿದ್ದವರ ಅನುಭವಗಳನ್ನೂ ದಾಖಲಿಸಿದರು. ಆದ್ದರಿಂದ ಇದು ಕ್ರಾಂತಿಯ ವೈರಿಗಳು ಕಟ್ಟಿದ ಕಥೆಯೆಂದು ತಳ್ಳಿಹಾಕುವಂತಿಲ್ಲ.

ಶಿಬಿರಗಳು ಮುಚ್ಚಿದ ಮಾತ್ರಕ್ಕೆ ಕಾಲ ಬದಲಾಗಲಿಲ್ಲ. 1971ರಲ್ಲಿ ಹವಾನಾದಲ್ಲಿ ನಡೆದ ಶಿಕ್ಷಣ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಸಮಾವೇಶ, ಯುವಜನರ ಮೇಲೆ ಪ್ರಭಾವ ಬೀರಬಲ್ಲ ಹುದ್ದೆಗಳಲ್ಲಿ ಸಲಿಂಗಾಸಕ್ತರು ಇರಕೂಡದೆಂದು ಗೊತ್ತುವಳಿ ಸ್ವೀಕರಿಸಿತು. ರಂಗಭೂಮಿ, ಶಾಲೆ, ಪ್ರಕಾಶನಗಳಿಂದ ಜನರನ್ನು ಒಬ್ಬೊಬ್ಬರನ್ನಾಗಿ ಹೊರಹಾಕಲಾಯಿತು. ಆ ವರ್ಷಗಳಲ್ಲಿ ಬಾಯಿ ಕಟ್ಟಿಸಿಕೊಂಡವರಲ್ಲಿ 'ಪರಾದಿಸೊ' ಕಾದಂಬರಿಯ ಕರ್ತೃ ಹೊಸೆ ಲೆಸಾಮ ಲೀಮ ಒಬ್ಬರು. ಲೆಸಾಮ ಕಥೋಲಿಕ ವಿಶ್ವಾಸಿ, ಸಲಿಂಗಾಸಕ್ತ, ಆ ಶತಮಾನದ ಸ್ಪ್ಯಾನಿಷ್ ಭಾಷೆಯ ಬಹುದೊಡ್ಡ ಕವಿಗಳಲ್ಲೊಬ್ಬರು. ಹೀಗೆ ಮೂರು ಕಾರಣಕ್ಕೂ ಅನುಮಾನಕ್ಕೆ ಒಳಗಾದ ಅವರು 1976ರಲ್ಲಿ ತೀರಿಕೊಳ್ಳುವ ತನಕ ಹವಾನಾದ ತಮ್ಮ ಮನೆಯಲ್ಲಿ ಹೆಚ್ಚುಕಡಿಮೆ ಮರೆತುಹೋದ ಮನುಷ್ಯನಂತೆ ಬದುಕಿದರು. ಸತ್ತ ಮೇಲೆ ಅವರನ್ನು ರಾಷ್ಟ್ರದ ಹೆಮ್ಮೆಯೆಂದು ಕೊಂಡಾಡಲಾಯಿತು. ಸರಕಾರಗಳಿಗೆ ಸತ್ತ ಕವಿಗಳು ಬಹಳ ಅನುಕೂಲ.

1979ರ ದಂಡಸಂಹಿತೆಯಲ್ಲಿ ಪ್ರಾಯಕ್ಕೆ ಬಂದವರ ಖಾಸಗಿ ಸಂಬಂಧವು ಅಪರಾಧವಾಗಿ ಉಳಿಯಲಿಲ್ಲ. ಆದರೆ 'ಬಹಿರಂಗ ಪ್ರದರ್ಶನ'ಕ್ಕೆ ಶಿಕ್ಷೆ ಉಳಿಯಿತು. ಮರುವರ್ಷವೇ, 1980ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಮರಿಯೇಲ್ ಬಂದರಿನಿಂದ ಸುಮಾರು ಒಂದು ಲಕ್ಷದ ಇಪ್ಪತ್ತೈದು ಸಾವಿರ ಜನ ದೋಣಿಗಳಲ್ಲಿ ದೇಶ ಬಿಟ್ಟರು. ಸರಕಾರ ಅವರನ್ನು 'ಕಸ' ಎಂದು ಕರೆಯಿತು. ಸಲಿಂಗಾಸಕ್ತನೆಂದು ಪೊಲೀಸ್ ಠಾಣೆಯಲ್ಲಿ ತಾನಾಗಿ ಹೇಳಿಕೊಂಡವನಿಗೆ ಹೊರಹೋಗುವ ಅನುಮತಿ ಸಿಗುತ್ತಿತ್ತು. ಒಂದು ಕಾಲದಲ್ಲಿ ಅಡಗಿಸಿಡಬೇಕಾಗಿದ್ದ ಗುಟ್ಟು ರಾತ್ರಿ ಬೆಳಗಾಗುವುದರಲ್ಲಿ ರಹದಾರಿಯಾಯಿತು. ಹಾಗಲ್ಲದವರೂ ಹಾಗೆಂದು ನಟಿಸಿ ಪಾರಾದದ್ದುಂಟು. ಲೇಖಕ ರೈನಾಲ್ದೊ ಅರೇನಾಸ್ ಹೊರಟುಹೋದದ್ದು ಹೀಗೆಯೇ. ಏಡ್ಸ್ ರೋಗಕ್ಕೆ ತುತ್ತಾಗಿದ್ದ ಅವರು 1990ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಾಣ ಕಳೆದುಕೊಂಡರು. ದ್ವೀಪದಲ್ಲಿಯಾದರೋ 1986ರಿಂದ ಎಚ್‌ಐವಿ ಸೋಂಕಿತರನ್ನು ಹವಾನಾದ ಹೊರವಲಯದ ಆರೋಗ್ಯಧಾಮದಲ್ಲಿ ಕಡ್ಡಾಯವಾಗಿ ಇರಿಸಲಾಗುತ್ತಿತ್ತು. ಊಟ ಔಷಧಗಳಿಗೆ ಕೊರತೆಯಿರಲಿಲ್ಲ, ಗೇಟು ಮಾತ್ರ ತೆರೆದಿರಲಿಲ್ಲ. 1993ರ ನಂತರವಷ್ಟೇ ಆ ಕಟ್ಟುಪಾಡು ಸಡಿಲಗೊಂಡಿತು.

ಮನೋಭಾವದ ಬದಲಾವಣೆ ಎಲ್ಲಿಂದ ಆರಂಭವಾಯಿತು? ಕಾನೂನು ಪುಸ್ತಕದಿಂದಲ್ಲ ಎನ್ನಬೇಕು. 1993ರಲ್ಲಿ ತೊಮಾಸ್ ಗುತಿಯೆರ್ರೆಸ್ ಅಲೇಯ ಮತ್ತು ಹ್ವಾನ್ ಕಾರ್ಲೋಸ್ ತಾಬಿಯೊ ನಿರ್ದೇಶನದ 'ಸ್ಟ್ರಾಬೆರಿ ಮತ್ತು ಚಾಕೊಲೇಟ್' ಎಂಬ ಚಿತ್ರ ಹವಾನಾದಲ್ಲಿ ತೆರೆ ಕಂಡಿತು. ಕೊಪೇಲಿಯಾ ಎಂಬ ಪ್ರಖ್ಯಾತ ಐಸ್‌ಕ್ರೀಂ ಅಂಗಡಿಯಲ್ಲಿ ದಿಯೇಗೊ ಎಂಬ ಸಲಿಂಗಾಸಕ್ತ ಕಲಾವಿದನಿಗೂ ದಾವಿದ್ ಎಂಬ ಕಮ್ಯುನಿಸ್ಟ್ ವಿದ್ಯಾರ್ಥಿಗೂ ಪರಿಚಯವಾಗುತ್ತದೆ. ವಿದ್ಯಾರ್ಥಿ ಅವನ ಮೇಲೆ ಬೇಹು ನಡೆಸಲು ಹೋಗಿ ಕೊನೆಗೆ ಅವನ ಸ್ನೇಹಿತನಾಗುತ್ತಾನೆ. ದಿಯೇಗೊನ ಕೋಣೆಯಲ್ಲಿ ಪುಸ್ತಕಗಳ ನಡುವೆ ಪವಿತ್ರ ಮೂರ್ತಿಗಳೂ ಇವೆ. ಕಥೆಯ ಕೊನೆಯಲ್ಲಿ ದೇಶ ಬಿಡುವವನು ಅವನೇ. ಈ ಚಿತ್ರವನ್ನು ನೋಡಲು ಹವಾನಾದಲ್ಲಿ ಜನ ಸಾಲುಗಟ್ಟಿ ನಿಂತರು. ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡ ಮೊದಲ ಕ್ಯೂಬನ್ ಚಿತ್ರವೂ ಇದೇ. ಎಷ್ಟೋ ಮನೆಗಳಲ್ಲಿ ಇಪ್ಪತ್ತು ವರ್ಷಗಳಿಂದ ಹೆಸರೆತ್ತದೆ ಇದ್ದ ಮಗನ, ಸೋದರನ ಸುದ್ದಿ ಆ ರಾತ್ರಿ ಊಟದ ಮೇಜಿನ ಬಳಿ ಬಂದಿರಬೇಕು.

ಅದೇ ಕಾಲದಲ್ಲಿ ಸೋವಿಯತ್ ಒಕ್ಕೂಟ ಮುರಿದುಬಿದ್ದು ಕ್ಯೂಬಾ ಹೊಟ್ಟೆಗೂ ಪರದಾಡುತ್ತಿತ್ತು. ಸರಕಾರದ ನಿಲುವುಗಳು ಮೆತ್ತಗಾದವು. 1991ರಲ್ಲಿ ದೈವಭಕ್ತರಿಗೂ ಕಮ್ಯುನಿಸ್ಟ್ ಪಕ್ಷದ ಬಾಗಿಲು ತೆರೆಯಿತು. 1992ರಲ್ಲಿ ಸಂವಿಧಾನದಿಂದ ನಾಸ್ತಿಕತೆಯ ಮಾತು ಬಿದ್ದುಹೋಯಿತು. ಪೋಪರ ಭೇಟಿಯ ನೆಪದಲ್ಲಿ 1997ರ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ರಜೆ ಮರಳಿ ಬಂದಿತು. ಗಮನಿಸಿ ನೋಡಿದರೆ ವಿಶ್ವಾಸಿಗಳಿಗೂ ಸಲಿಂಗಾಸಕ್ತರಿಗೂ ಉಸಿರಾಡಲು ಎಡೆ ಸಿಕ್ಕಿದ್ದು ಬಹುತೇಕ ಒಂದೇ ದಶಕದಲ್ಲಿ. ಬೇಲಿ ಒಂದೇ ಆಗಿದ್ದಂತೆ ಬೇಲಿ ಸಡಿಲಗೊಂಡದ್ದೂ ಒಟ್ಟಿಗೇ.

2000ದಿಂದ ರಾವುಲ್ ಕ್ಯಾಸ್ಟ್ರೊ ಅವರ ಪುತ್ರಿ ಮರಿಯೇಲಾ ಕ್ಯಾಸ್ಟ್ರೊ ಸರಕಾರದ ಲೈಂಗಿಕ ಶಿಕ್ಷಣ ಕೇಂದ್ರದ ಮುಖ್ಯಸ್ಥೆಯಾಗಿ ಈ ವಿಷಯವನ್ನು ಎತ್ತಿಕೊಂಡರು. 2008ರಲ್ಲಿ ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಯನ್ನು ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡಲು ಆರೋಗ್ಯ ಸಚಿವಾಲಯ ಆದೇಶ ಹೊರಡಿಸಿತು. 2010ರ ಆಗಸ್ಟ್‌ನಲ್ಲಿ ಸ್ವತಃ ಫಿಡೆಲ್ ಕ್ಯಾಸ್ಟ್ರೊ, ಮೆಕ್ಸಿಕೊದ 'ಲ ಹೊರ್ನಾದ' ಪತ್ರಿಕೆಗೆ ನೀಡಿದ ಸಂದರ್ಶನದಲ್ಲಿ, ಅಂದು ಸಲಿಂಗಾಸಕ್ತರಿಗೆ ದೊಡ್ಡ ಅನ್ಯಾಯವಾಯಿತೆಂದೂ ಅದಕ್ಕೆ ಯಾರಾದರೂ ಹೊಣೆಯಾಗಿದ್ದರೆ ಅದು ತಾನೇ ಎಂದೂ ಒಪ್ಪಿಕೊಂಡರು. ಅಂಥ ಸರ್ವಾಧಿಕಾರಿಯ ಬಾಯಿಂದ ಈ ಮಾತು ಬಂದದ್ದು ಸಣ್ಣದೇನಲ್ಲ. ಆದರೆ ಅದು ಪರದೇಶದ ಪತ್ರಿಕೆಯೊಂದಕ್ಕೆ ಹೇಳಿದ ಮಾತು. ಅದೇ ಶಿಬಿರಗಳಿಗೆ ಧರ್ಮದ ಕಾರಣದಿಂದ ಹೋದವರ ಪ್ರಸ್ತಾಪ ಆ ಹೊಣೆಗಾರಿಕೆಯ ಮಾತಿನಲ್ಲಿ ಬರಲಿಲ್ಲ.

ಮುಂದಿನ ಕಥೆ ಸರಕಾರ ಹಾಕಿಕೊಟ್ಟ ಗೆರೆಯ ಕಥೆ. 2018ರ ಕರಡು ಸಂವಿಧಾನದ 68ನೇ ವಿಧಿಯಲ್ಲಿ ವಿವಾಹವನ್ನು ಇಬ್ಬರು ವ್ಯಕ್ತಿಗಳ ಬಂಧವೆಂದು ಬರೆಯಲಾಯಿತು. ಊರೂರುಗಳಲ್ಲಿ ನಡೆದ ಸಭೆಗಳಲ್ಲಿ ಜನ ಮಂಡಿಸಿದ ಅಭಿಪ್ರಾಯಗಳಲ್ಲಿ ಸುಮಾರು ಕಾಲುಭಾಗ ಈ ಒಂದು ವಿಧಿಯ ಕುರಿತೇ ಇದ್ದವು. ಇವಾಂಜೆಲಿಕಲ್ ಸಭೆಗಳು ಮನೆಬಾಗಿಲುಗಳಿಗೆ ಭಿತ್ತಿಪತ್ರ ಅಂಟಿಸಿದವು. ಕಥೋಲಿಕ ಧರ್ಮಾಧ್ಯಕ್ಷರೂ ವಿರೋಧ ಸೂಚಿಸಿದರು. ಡಿಸೆಂಬರ್‌ನಲ್ಲಿ ಸರಕಾರ ಆ ವಿಧಿಯನ್ನು ಹಿಂತೆಗೆದು, ಪ್ರಶ್ನೆಯನ್ನು ಮುಂಬರುವ ಕುಟುಂಬ ಸಂಹಿತೆಗೆ ವರ್ಗಾಯಿಸಿತು. ಮರುವರ್ಷ ಮೇ ತಿಂಗಳಲ್ಲಿ ವಾರ್ಷಿಕ ಮೆರವಣಿಗೆಯನ್ನು ಸರಕಾರಿ ಕೇಂದ್ರವೇ ರದ್ದುಪಡಿಸಿದಾಗ ಸಲಿಂಗಾಸಕ್ತ ಯುವಜನರು ಮೇ 11ರಂದು ಹವಾನಾದ ಪ್ರಾದೊ ಬೀದಿಯಲ್ಲಿ ತಾವಾಗಿ ನಡೆದುಬಂದರು. ಸಮುದ್ರತೀರ ತಲುಪುವಷ್ಟರಲ್ಲಿ ಪೊಲೀಸರು ತಡೆದು ಕೆಲವರನ್ನು ಹಿಡಿದೊಯ್ದರು. ಅನುಮತಿಸಿದಾಗ ನಡೆಯುವುದು ಕ್ರಾಂತಿ, ತಾನಾಗಿ ನಡೆದರೆ ಅಪರಾಧ! ಮಕ್ಕಳ ಕೈಗೆ ಕಲ್ಲುಸಕ್ಕರೆ ಕೊಟ್ಟು ಡಬ್ಬಿಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅಜ್ಜಿಯ ಹಾಗೆ, ಹಕ್ಕು ಕೊಟ್ಟರೂ ಹಕ್ಕಿನ ಒಡೆತನವನ್ನು ಪಕ್ಷ ಬಿಟ್ಟುಕೊಡಲಿಲ್ಲ.

ಹೀಗಿರಲು 2022ರ ಮತದಾನ ಬಂದಿತು. ದೂರದರ್ಶನ, ಪತ್ರಿಕೆ, ಬೀದಿ ಫಲಕಗಳೆಲ್ಲ ಸರಕಾರದವು, ಎಲ್ಲದರಲ್ಲೂ 'ಹೌದು' ಎಂಬುದರ ಪ್ರಚಾರ. 'ಬೇಡ' ಎನ್ನುವವರಿಗೆ ಅಂಥ ಅವಕಾಶವಿರಲಿಲ್ಲ. ಅದೇ ವರ್ಷ ಹೊಸ ದಂಡಸಂಹಿತೆ ಜನರನ್ನು ಕೇಳದೆ ಅಂಗೀಕಾರವಾಗಿತ್ತೆಂಬುದನ್ನೂ ಗಮನಿಸಬೇಕು. ಅಲ್ಪಸಂಖ್ಯಾತರ ಹಕ್ಕನ್ನು ಬಹುಸಂಖ್ಯಾತರ ಮತಕ್ಕೆ ಇಡುವುದೇ ತಪ್ಪೆಂದು ಸಲಿಂಗಾಸಕ್ತರಲ್ಲಿಯೇ ಕೆಲವರು ವಾದಿಸಿದರು. ಆ ವಾದದಲ್ಲಿ ಹುರುಳಿದೆ. ಅಲ್ಪಸಂಖ್ಯಾತರಾಗಿ ಬದುಕುವ ನಮಗೆ ಅದು ಇತರರಿಗಿಂತ ಬೇಗ ಅರ್ಥವಾಗಬೇಕು.

ಧರ್ಮಾಧ್ಯಕ್ಷರ ಸಮ್ಮೇಳನ ಮತದಾನಕ್ಕೆ ಮುನ್ನ ತನ್ನ ಸಂದೇಶವನ್ನು ಪ್ರಕಟಿಸಿತು. ಮನೆಯೊಳಗಿನ ಹಿಂಸೆಗೆ ತಡೆ, ವೃದ್ಧರಿಗೆ, ಅಜ್ಜ ಅಜ್ಜಿಯರಿಗೆ ರಕ್ಷಣೆ ಮುಂತಾದ ಒಳ್ಳೆಯ ಅಂಶಗಳನ್ನು ಒಪ್ಪಿಕೊಂಡು, ವಿವಾಹದ ಹೊಸ ವ್ಯಾಖ್ಯೆ, ದತ್ತು, ಬಾಡಿಗೆಯಿಲ್ಲದ ಗರ್ಭಧಾರಣೆ, ಹೆತ್ತವರ ಅಧಿಕಾರದ ಪ್ರಶ್ನೆ ಇವುಗಳ ಬಗ್ಗೆ ಅಸಮ್ಮತಿ ಸೂಚಿಸಿತು. ವಿವಾಹದ ಕುರಿತು ಧರ್ಮಸಭೆಯ ಬೋಧನೆ ಸ್ಪಷ್ಟವಿದೆ, ಅದನ್ನು ಧರ್ಮಾಧ್ಯಕ್ಷರು ಹೇಳದಿದ್ದರೆ ಇನ್ನಾರು ಹೇಳಬೇಕು? ಬಹಿರಂಗವಾಗಿ 'ಬೇಡ' ಎನ್ನುವುದು ಅಪಾಯಕಾರಿಯಾದ ನಾಡಿನಲ್ಲಿ ಅವರು ಹಾಗೆ ಹೇಳಿದ್ದು ಧೈರ್ಯದ ಕೆಲಸವೇ. ಆದರೂ ನಮ್ಮ ಮನಸ್ಸಿನಲ್ಲಿ ಒಂದು ಕೊರತೆ ಉಳಿಯುತ್ತದೆ. ಕಬ್ಬಿನ ಬಯಲಿನಲ್ಲಿ ತಮ್ಮ ಪಕ್ಕದಲ್ಲಿಯೇ ಬೆನ್ನು ಬಗ್ಗಿಸಿ ದುಡಿದವರ ಬಗ್ಗೆ ಧರ್ಮಸಭೆಗೆ ಹೇಳಲು ವಿಶೇಷವಾದುದೊಂದು ಇರಬೇಕಿತ್ತು. ಆ ಅನುಭವ ಜಗತ್ತಿನ ಬೇರಾವ ಧರ್ಮಾಧ್ಯಕ್ಷರ ಸಮ್ಮೇಳನಕ್ಕೂ ಇಷ್ಟು ಹತ್ತಿರದ್ದಲ್ಲ. ಕಾನೂನಿಗೆ ಒಪ್ಪದಿರುವುದು ಒಂದು, ಸಹಬಂದಿಯನ್ನು ನೆನೆಯುವುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಹುದಿತ್ತು.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಸಲಿಂಗ ಸಂಭೋಗವನ್ನು ಒಪ್ಪುವುದಿಲ್ಲ. ಆದರೆ ಅದೇ ಗ್ರಂಥದ 2358ನೇ ಪರಿಚ್ಛೇದ ಅಂಥ ವ್ಯಕ್ತಿಗಳನ್ನು ಗೌರವ, ಕರುಣೆ, ಸೂಕ್ಷ್ಮತೆಗಳಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯದ ಸುಳಿವೂ ಇರಕೂಡದು ಎನ್ನುತ್ತದೆ. ನಮ್ಮಲ್ಲಿ ಮೊದಲನೆಯ ಮಾತು ಎಲ್ಲರಿಗೂ ಬಾಯಿಪಾಠ. ಎರಡನೆಯದನ್ನು ಕೇಳಿದವರೇ ಕಡಿಮೆ. 2023ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್, ಸಲಿಂಗಾಸಕ್ತನಾಗಿರುವುದು ಅಪರಾಧವಲ್ಲವೆಂದೂ ಅದನ್ನು ದಂಡಿಸುವ ಕಾನೂನುಗಳು ಅನ್ಯಾಯವೆಂದೂ ನೇರವಾಗಿ ನುಡಿದರು. ವಿವಾಹ ಸಂಸ್ಕಾರದ ಬೋಧನೆಯನ್ನು ಅವರು ಬದಲಿಸಲಿಲ್ಲ. ಪಾಪವೇ ಬೇರೆ, ಅಪರಾಧವೇ ಬೇರೆ ಎಂದು ಅವರು ತೋರಿಸಿದ ಗೆರೆಯನ್ನು 1965ರ ಹವಾನಾ ಅಳಿಸಿಹಾಕಿತ್ತು. ನಮ್ಮ ದೇಶದಲ್ಲಿಯೂ ಬ್ರಿಟಿಷರು 1860ರಲ್ಲಿ ತಂದ 377ನೇ ವಿಧಿಯ ಆ ಭಾಗ ಬಿದ್ದುಹೋಗಲು 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು ಬರಬೇಕಾಯಿತು.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಮದುವೆಯ ಮಾತು ಬಂದಾಗಲೆಲ್ಲ ಮೌನವಾಗುವ ಯುವಕರಿದ್ದಾರೆ, ಊರಿಗೆ ಬರುವುದನ್ನೇ ನಿಲ್ಲಿಸಿದ ಹೆಣ್ಣುಮಕ್ಕಳಿದ್ದಾರೆ. ಅವರ ಮನೆಯವರು ಯಾರಲ್ಲಿಯೂ ಹೇಳಿಕೊಳ್ಳಲಾರದೆ ಜಪಸರ ಹಿಡಿದು ಕುಳಿತಿರುತ್ತಾರೆ. ಕ್ಯೂಬಾದ ಕಾನೂನು ಇವರಿಗೆ ಸಂಬಂಧಿಸಿದ್ದಲ್ಲ. ಆದರೆ ಇಂಥ ಮಗನನ್ನು 'ಸರಿಪಡಿಸುವ' ನೆಪದಲ್ಲಿ ಬಲವಂತದ ಮದುವೆಗೆ ನೂಕಿ, ಏನೂ ಅರಿಯದ ಹುಡುಗಿಯೊಬ್ಬಳ ಬಾಳನ್ನೂ ಅದರೊಂದಿಗೆ ಕೆಡಿಸುವ ಮನೆತನಗಳಿಗೂ ಕಮಗ್ವೇಯ ಶಿಬಿರಾಧಿಕಾರಿಗಳಿಗೂ ಯೋಚನೆಯಲ್ಲಿ ಎಷ್ಟು ಅಂತರ ಎಂದು ಕೇಳಲೇಬೇಕಾಗಿದೆ. ವಿವಾಹದ ಪಾವಿತ್ರ್ಯವನ್ನು ಎತ್ತಿಹಿಡಿಯುವ ಧರ್ಮಸಭೆಯ ಕಟ್ಟಳೆಯೇ ಮುಕ್ತ ಸಮ್ಮತಿಯಿಲ್ಲದ ವಿವಾಹವನ್ನು ವಿವಾಹವೆಂದು ಮಾನ್ಯ ಮಾಡುವುದಿಲ್ಲ.

ಕುಟುಂಬ ಸಂಹಿತೆ 2022ರ ಸೆಪ್ಟೆಂಬರ್ 27ರಂದು ರಾಜ್ಯಪತ್ರದಲ್ಲಿ ಪ್ರಕಟವಾಗಿ ಜಾರಿಗೆ ಬಂದಿತು. ಅದೇ ದಿನ 'ಇಯಾನ್' ಚಂಡಮಾರುತ ಪಿನಾರ್ ದೆಲ್ ರಿಯೊ ಪ್ರಾಂತಕ್ಕೆ ಅಪ್ಪಳಿಸಿ ಇಡೀ ದ್ವೀಪದ ವಿದ್ಯುತ್ ಜಾಲ ಕುಸಿಯಿತು. ಅದಾದ ಕೆಲವೇ ವಾರಗಳಲ್ಲಿ ಮೊದಲ ಸಲಿಂಗ ಜೋಡಿಗಳು ನೋಂದಣಿ ಕಚೇರಿಗಳಲ್ಲಿ ಸಹಿ ಹಾಕಿದವು. ಇನ್ನೊಂದೆಡೆ, ಆಹಾರ ವಿದ್ಯುತ್ತುಗಳ ಕೊರತೆಯಿಂದ ಬೇಸತ್ತು ಆ ಒಂದು ವರ್ಷದಲ್ಲಿಯೇ ಎರಡು ಲಕ್ಷಕ್ಕೂ ಹೆಚ್ಚು ಕ್ಯೂಬನ್ನರು ಅಮೆರಿಕದ ಗಡಿ ತಲುಪಿದರು. ಅವರಲ್ಲಿ 'ಹೌದು' ಎಂದವರೂ ಇದ್ದರು, 'ಬೇಡ' ಎಂದವರೂ ಇದ್ದರು.

ಕಾರ್ಡಿನಲ್ ಒರ್ತೇಗ ಈ ಮತದಾನವನ್ನು ಕಾಣಲಿಲ್ಲ. 2019ರ ಜುಲೈ 26ರಂದು ಹವಾನಾದಲ್ಲಿ ನಿಧನರಾದರು. ಉಮಾಪ್ ಶಿಬಿರಗಳ ಕುರಿತು ಸರಕಾರದ ವಿಚಾರಣಾ ವರದಿ ಈ ತನಕ ಹೊರಬಂದಿಲ್ಲ, ಅಲ್ಲಿದ್ದವರಿಗೆ ಪರಿಹಾರವೂ ಸಿಕ್ಕಿಲ್ಲ. 1966ರಲ್ಲಿ ಇಪ್ಪತ್ತರ ಹರೆಯದಲ್ಲಿ ಆ ಬೇಲಿಯೊಳಗೆ ಹೋದವರಿಗೆ ಈಗ ಎಂಬತ್ತು ವರ್ಷ. ಅವರಲ್ಲಿ ಕೆಲವರು ಭಾನುವಾರಗಳಂದು ಬಲಿಪೂಜೆಗೆ ಬರುತ್ತಾರೆ. ಕೆಲವರು ಬರುವುದನ್ನು ಬಿಟ್ಟು ಬಹಳ ಕಾಲವಾಗಿದೆ.